ಬೀಗರೆಂದರೆ ಇಂಥವರು

ಪ್ರಶ್ನೆ: ಗಾಂಧೀಜಿ, ರಾಜಾಜಿ ಬೀಗರು ಎಂದೆ. ‘ಅವರು ಗುಜರಾತಿ ಬನಿಯಾ, ಇವರು ತಮಿಳು ಅಯ್ಯಂಗಾರ್, ಆ ಕಾಲದಲ್ಲಿ ಹೇಗೆ ಸಾಧ್ಯ? ಸುಮ್ನಿರು ತಾತ’ ಎಂದ ಮೊಮ್ಮಗ. ಯಾರು ಸರಿ? (ತಿಪಟೂರಿನ ಓದುಗರೊಬ್ಬರು)

ಉತ್ತರ: ನೀವೇ ಸರಿ ಸ್ವಾಮಿ. ಮೊಮ್ಮಗನ ಅನುಮಾನವನ್ನೂ ತಳ್ಳಿಹಾಕುವ ಹಾಗಿಲ್ಲ. ಗಾಂಧೀಜಿಯ ಕೊನೆಯ ಮಗ ದೇವದಾಸ್, ರಾಜಾಜಿಯ ಮಗಳು ಲಕ್ಷ್ಮಿ ಒಬ್ಬರನ್ನೊಬ್ಬರು ಮೆಚ್ಚಿದರು. ಹುಡುಗನಿಗೆ 27ರ ಆಸುಪಾಸು, ಹುಡುಗಿಗೆ 15. ಅಪ್ಪಂದಿರಿಬ್ಬರೂ ಒಂದೇ ಮಾತು ಹೇಳಿದರು: ಐದು ವರ್ಷ ದೂರ ಇರಿ, ಆಮೇಲೂ ಮನಸ್ಸು ಹೀಗೇ ಇದ್ದರೆ ನೋಡೋಣ. ಮನಸ್ಸು ಹಾಗೇ ಇತ್ತು. ಗಾಂಧೀಜಿ ಪುಣೆಯ ‘ಪರ್ಣಕುಟಿ’ಯಲ್ಲಿ 21 ದಿನದ ಉಪವಾಸ ಮುಗಿಸಿದ್ದು 1933ರ ಮೇ 29ಕ್ಕೆ. ಇನ್ನೂ ಮೈಯಲ್ಲಿ ತ್ರಾಣ ಬಂದಿರಲಿಲ್ಲ, ಜೂನ್ 16ರಂದು ಅದೇ ಮನೆಯಲ್ಲಿ ಧಾರೆ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿದವನು ನಾನು, ಇನ್ನೊಂದನ್ನು ಮುಚ್ಚಿಡಲಾರೆ. 1926ರಲ್ಲಿ ಎರಡನೆಯ ಮಗ ಮಣಿಲಾಲ್ ದಕ್ಷಿಣ ಆಫ್ರಿಕದ ಮುಸ್ಲಿಂ ಹುಡುಗಿಯನ್ನು ಮದುವೆಯಾಗಬೇಕೆಂದಾಗ ಇದೇ ಅಪ್ಪ ಕಾಗದ ಬರೆದು ತಡೆದಿದ್ದರು. ಮರುವರ್ಷವೇ ಮಣಿಲಾಲ್‌ಗೆ ಸುಶೀಲಾ ಎಂಬ ಗುಜರಾತಿ ಹುಡುಗಿಯೊಡನೆ ಮದುವೆ. ಕಿರಿಯವನಿಗೆ ಸಿಕ್ಕ ಐದು ವರ್ಷದ ವಾಯಿದೆ ಅವನಿಗೆ ಸಿಗಲಿಲ್ಲ. ನನಗಂತೂ ಇದು ಅನ್ಯಾಯವೆಂದೇ ಕಾಣುತ್ತದೆ.

ಬೀಗರೆಂದ ಮೇಲೆ ಜಗಳ ಇರಬೇಕಲ್ಲ! ನನ್ನ ಮಗಳ ಮದುವೆಯಲ್ಲಿ ಒಬ್ಬಟ್ಟಿಗೆ ತುಪ್ಪ ತಡವಾಯಿತೆಂದು ಬೀಗರು ಎಲೆ ಮುಂದಿನಿಂದ ಎದ್ದಿದ್ದರು. ಈ ಬೀಗರು ಮುನಿಸಿಕೊಂಡದ್ದು ದೇಶದ ವಿಚಾರಕ್ಕೆ. 1942ರಲ್ಲಿ ‘ಕ್ವಿಟ್ ಇಂಡಿಯಾ’ ಬೇಡವೆಂದು ರಾಜಾಜಿ ಕಾಂಗ್ರೆಸ್ಸನ್ನೇ ಬಿಟ್ಟರು. ಎರಡೇ ವರ್ಷಕ್ಕೆ ಗಾಂಧೀಜಿ ಜಿನ್ನಾರ ಜತೆ ಮಾತಿಗೆ ಕೂತಾಗ ಕೈಯಲ್ಲಿದ್ದದ್ದು ಕಾಂಗ್ರೆಸ್-ಮುಸ್ಲಿಂ ಲೀಗ್ ರಾಜಿಗೆಂದು ರಾಜಾಜಿ ರೂಪಿಸಿದ್ದ ಸೂತ್ರವೇ! ಮೊಮ್ಮಗನಿಗೆ ಹೇಳಿ, ಈ ದಂಪತಿಯ ಮಗ ರಾಜಮೋಹನ ಗಾಂಧಿ ಇಬ್ಬರು ತಾತಂದಿರ ಜೀವನಚರಿತ್ರೆಯನ್ನೂ ಬರೆದಿದ್ದಾರೆ.

ಪ್ರಶ್ನೆ: ಹಾಗಾದರೆ ಇಂದಿರಾ ಗಾಂಧಿ ಮಹಾತ್ಮರಿಗೆ ಏನಾಗಬೇಕು? (ಸಾಗರದ ಓದುಗರೊಬ್ಬರು)

ಉತ್ತರ: ಏನೂ ಆಗಬೇಕಿಲ್ಲ. ಆ ಹೆಸರು ಬಂದದ್ದು ಪಾರ್ಸಿ ಗಂಡ ಫಿರೋಜ್‌ರಿಂದ. 1942ರ ಮಾರ್ಚ್‌ನಲ್ಲಿ ಅಲಹಾಬಾದಿನ ಆನಂದಭವನದಲ್ಲಿ ಮದುವೆ. ಇಂದಿರಾ ಉಟ್ಟಿದ್ದು ನೆಹರು ಜೈಲಿನಲ್ಲಿ ಕೂತು ನೂತ ನೂಲಿನ ಗುಲಾಬಿ ಸೀರೆ. ಅಳಿಯ ಮಾತ್ರ ಮಾವನ ನೆರಳಲ್ಲಿ ನಿಲ್ಲುವ ಜಾಯಮಾನದವರಲ್ಲ. ಜೀವವಿಮಾ ನಿಗಮದ ಹಣವನ್ನು ಉದ್ಯಮಿ ಮುಂಧ್ರಾ ಅವರ ಕಂಪನಿಗಳಿಗೆ ಸುರಿದ ‘ಮುಂಧ್ರಾ ಹಗರಣ’ವನ್ನು ಲೋಕಸಭೆಯಲ್ಲಿ ಎತ್ತಿ, 1958ರಲ್ಲಿ ನೆಹರು ಸಂಪುಟದ ಹಣಕಾಸು ಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ಕೊಡುವ ಹಾಗೆ ಮಾಡಿದರು. ಎತ್ತಿದ್ದು ವಿರೋಧ ಪಕ್ಷದ ಬೆಂಚಿನಿಂದಲ್ಲ, ಮಾವನದೇ ಪಕ್ಷದ ಬೆಂಚಿನಿಂದ.