ಬಡಿಸಿದವರಿಗೆ ಗೊತ್ತಿತ್ತು

ಮಾಸ್ತರೇ, ನಮಸ್ಕಾರ.

ಅಂಕೋಲೆಯಿಂದ ನೀವು ಬರೆದ ನಾಲ್ಕು ಪುಟದ ಪತ್ರ ತಲುಪಿತು. ಉಳಿದ ಓದುಗರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. ಕಳೆದ ಸಂಚಿಕೆಯ 1971ರ ಯುದ್ಧದ ಲೇಖನದಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಬಗ್ಗೆ ಕೆಲವು ಸಾಲು ಇದ್ದವು. ಮಗನನ್ನು ಕೊಂದ ಪಾಕಿಸ್ತಾನಿ ಅಧಿಕಾರಿಯ ಮನೆಯಲ್ಲಿ ತಂದೆ ಮೂರು ದಿನ ಇದ್ದು ಬಂದರು ಅಂತ ಕೊನೆಯ ಸಾಲು. ಅದನ್ನು ಓದಿ ನೀವು, "ನನಗೂ ಒಬ್ಬ ಮಗ ಇದ್ದಾನೆ. ಇದು ನನಗೆ ಅರಗಲಿಲ್ಲ. ಆ ಮನೆಯ ಅನ್ನ ಗಂಟಲಲ್ಲಿ ಇಳಿದದ್ದಾದರೂ ಹೇಗೆ? ಒಂದೋ ಆ ತಂದೆ ದೇವರು, ಇಲ್ಲಾ ಕಥೆಯಲ್ಲಿ ಏನೋ ಬಿಟ್ಟುಹೋಗಿದೆ" ಎಂದು ಬರೆದಿದ್ದೀರಿ.

ದೇವರಂತೂ ಅಲ್ಲ. ಸೈನ್ಯದ ಎಂಜಿನಿಯರ್ಸ್ ದಳದಲ್ಲಿದ್ದ ಒಬ್ಬ ಅಧಿಕಾರಿ, ಬ್ರಿಗೇಡಿಯರ್ ಎಂ.ಎಲ್. ಖೇತ್ರಪಾಲ್. ನಮ್ಮ ಚೆಂಡಿಯಾದ ರಾಮಾ ರಾಘೋಬಾ ರಾಣೆಯವರದ್ದೂ ಅದೇ ದಳ. 1948ರ ಏಪ್ರಿಲ್‌ನಲ್ಲಿ ರಜೌರಿಯ ದಾರಿಯಲ್ಲಿ ರಾಣೆ ನೆಲಬಾಂಬ್ ತೆಗೆದು, ಬಿದ್ದ ಮರ ಸರಿಸಿ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟ ಕಥೆ ನಿಮಗೆ ಗೊತ್ತೇ ಇದೆ. ಕಾರವಾರದ ಕಡಲತೀರದಲ್ಲಿ ಚಾಪೆಲ್ ಹಡಗಿನ ಹತ್ತಿರ ಇರುವ ಅವರ ಪ್ರತಿಮೆಯನ್ನು ಮೊಮ್ಮಗನಿಗೆ ತೋರಿಸಿದ್ದನ್ನೂ ಬರೆದಿದ್ದೀರಲ್ಲ. ರಾಣೆಗೂ ಪರಮವೀರ ಚಕ್ರ, ಅರುಣ್‌ಗೂ ಪರಮವೀರ ಚಕ್ರ. ಆದರೆ ರಾಣೆ ಬದುಕಿ ಬಂದರು. ಮದುವೆಯಾಯಿತು, ಮಕ್ಕಳಾದರು, 1994ರವರೆಗೆ ಬಾಳಿದರು. ಅರುಣ್‌ಗೆ ಸಿಕ್ಕಿದ್ದು ಇಪ್ಪತ್ತೊಂದೇ ವರ್ಷ.

ಹುಡುಗನ ಬಗ್ಗೆ ಹೇಳಿ ಅಂತ ಕೇಳಿದ್ದೀರಿ. ಹುಟ್ಟಿದ್ದು ಪುಣೆಯಲ್ಲಿ, 1950ರ ಅಕ್ಟೋಬರ್ 14ಕ್ಕೆ. ಓದಿದ್ದು ಸನಾವರದ ಲಾರೆನ್ಸ್ ಶಾಲೆಯಲ್ಲಿ. ಆ ಮನೆತನದ ಕಥೆಯೇ ಸ್ವಾರಸ್ಯದ್ದು. ಮುತ್ತಾತ ಸಿಖ್ಖರ ಸೇನೆಯಲ್ಲಿದ್ದು ಬ್ರಿಟಿಷರ ವಿರುದ್ಧ ಹೋರಾಡಿದವರು. ತಾತ ಮೊದಲ ಮಹಾಯುದ್ಧದಲ್ಲಿ ಅದೇ ಬ್ರಿಟಿಷರ ಸೇನೆಯಲ್ಲಿದ್ದವರು. ತಂದೆ ಸ್ವತಂತ್ರ ಭಾರತದ ಸೇನೆಯ ಅಧಿಕಾರಿ. ವೈರಿ ಯಾರು ಅನ್ನುವುದು ತಲೆಮಾರಿಗೊಮ್ಮೆ ಬದಲಾದ ಮನೆ ಅದು. ಇದು ನಿಮ್ಮ ಪ್ರಶ್ನೆಗೆ ಸಂಬಂಧವಿಲ್ಲದ ಮಾತು ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ.

1971ರ ಜೂನ್ 13ರಂದು ಅರುಣ್ 17 ಪೂನಾ ಹಾರ್ಸ್ ಎಂಬ ಟ್ಯಾಂಕ್ ರೆಜಿಮೆಂಟಿಗೆ ಸೇರಿದರು. ಯುದ್ಧ ಶುರುವಾಗುವ ಹೊತ್ತಿಗೆ ಅಹ್ಮದ್‌ನಗರದಲ್ಲಿ ತರಬೇತಿಯಲ್ಲಿದ್ದರು. ಅರ್ಧಕ್ಕೇ ವಾಪಸ್ ಕರೆ ಬಂತು. ದಿಲ್ಲಿಯಲ್ಲಿ ರೈಲು ಬದಲಿಸುವ ಮಧ್ಯೆ ಜಾವಾ ಬೈಕ್ ಇಳಿಸಿಕೊಂಡು ಮನೆಗೆ ಹೋದರಂತೆ. ಹೊರಡುವಾಗ ಪೆಟ್ಟಿಗೆಯೊಳಗೆ ಗಾಲ್ಫ್ ಕೋಲುಗಳು, ಔತಣಕ್ಕೆ ಹಾಕುವ ನೀಲಿ ಸಮವಸ್ತ್ರ! ಯಾಕೆ ಅಂದರೆ, ಲಾಹೋರಿನಲ್ಲಿ ಗಾಲ್ಫ್ ಆಡಬೇಕು, ಗೆದ್ದ ಮೇಲೆ ಊಟ ಇರುತ್ತದಲ್ಲ, ಅದಕ್ಕೆ ಬಟ್ಟೆ ಬೇಡವಾ ಅಂತ. ಶೌರ್ಯದ ಕಥೆಗಿಂತ ಈ ಪೆಟ್ಟಿಗೆಯ ಕಥೆಯಲ್ಲೇ ನನಗೆ ಆ ಹುಡುಗ ಜಾಸ್ತಿ ಕಾಣುತ್ತಾನೆ. ತಾಯಿ ಹೇಳಿದ್ದು ಬೇರೆ: ಸಿಂಹದ ಹಾಗೆ ಹೋರಾಡು, ಹೇಡಿಯಾಗಿ ಬರಬೇಡ. ಮಗನನ್ನು ಕಳಿಸುವ ತಾಯಿಯ ಬಾಯಲ್ಲಿ ಇಂಥ ಮಾತು ಬರುವುದು ಸುಲಭವಲ್ಲ, ಅಲ್ವಾ?

ಡಿಸೆಂಬರ್ 16. ಶಕರ್‌ಗಢ ಭಾಗದ ಬಸಂತರ್ ನದಿ ದಾಟಿದ ನಮ್ಮ ಸೇನೆಯ ಮೇಲೆ ಪಾಕಿಸ್ತಾನದ ಟ್ಯಾಂಕುಗಳು ಎದುರುದಾಳಿ ಮಾಡಿದವು. ಬಂದದ್ದು ಅವರ 13 ಲ್ಯಾನ್ಸರ್ಸ್ ಎಂಬ ಟ್ಯಾಂಕ್ ರೆಜಿಮೆಂಟ್, ಕೈಯಲ್ಲಿ ಪ್ಯಾಟನ್ ಟ್ಯಾಂಕುಗಳು. ಎದುರಿಸಿದವರಲ್ಲಿ ಅರುಣ್ ಒಬ್ಬರು. ಅವರ ಸೆಂಚೂರಿಯನ್ ಟ್ಯಾಂಕಿನ ಹೆಸರು ಫಾಮಗುಸ್ತಾ. ಟ್ಯಾಂಕಿಗೆ ಬೆಂಕಿ ಹತ್ತಿದಾಗ ಬಿಟ್ಟು ಹೊರಗೆ ಬಾ ಎಂದು ಆದೇಶ ಬಂತು. ನನ್ನ ಗನ್ ಇನ್ನೂ ಕೆಲಸ ಮಾಡುತ್ತಿದೆ, ಬಿಡುವುದಿಲ್ಲ ಅಂದರು. ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ಗುಂಡು ತಗುಲಿತು. ಮರುದಿನ ಕದನವಿರಾಮ. ದಿಲ್ಲಿಯ ಮನೆಯವರಿಗೆ ಸುದ್ದಿ ತಲುಪಿದ್ದು 26ಕ್ಕೆ. ಯುದ್ಧ ಮುಗಿದ ಮೇಲೂ ಒಂಬತ್ತು ದಿನ ಆ ಮನೆಯ ಲೆಕ್ಕದಲ್ಲಿ ಮಗ ಬದುಕಿದ್ದ. ಈಗಿನ ಹಾಗೆ ಆಗ ಕೈಯಲ್ಲಿ ಫೋನ್ ಎಲ್ಲಿತ್ತು?

ಇನ್ನು ನಿಮ್ಮ ಪ್ರಶ್ನೆ. ತಂದೆಯ ಹುಟ್ಟೂರು ಸರ್ಗೋಧಾ, ಈಗ ಪಾಕಿಸ್ತಾನದಲ್ಲಿದೆ. ಒಮ್ಮೆ ನೋಡಿ ಬರಬೇಕು ಅಂತ ಆಸೆ. 2001ರಲ್ಲಿ, 81ರ ವಯಸ್ಸಿನಲ್ಲಿ ಹೊರಟರು. ಲಾಹೋರಿನಲ್ಲಿ ಅವರನ್ನು ಮನೆಗೆ ಕರೆದೊಯ್ದು ನೋಡಿಕೊಂಡವರು ಅಲ್ಲಿನ ನಿವೃತ್ತ ಬ್ರಿಗೇಡಿಯರ್ ಖ್ವಾಜಾ ಮೊಹಮ್ಮದ್ ನಾಸೆರ್. ಮೂರು ದಿನ ಉಪಚಾರ. ಕೊನೆಯ ರಾತ್ರಿ ನಾಸೆರ್ ಬಾಯಿಬಿಟ್ಟರು. ಬಸಂತರಿನಲ್ಲಿ ಎದುರಿಗಿದ್ದವನು ನಾನೇ, ನಿಮ್ಮ ಮಗ ಸತ್ತದ್ದು ನನ್ನ ಕೈಯಿಂದ, ಅಂತ.

ಅಂದರೆ ಮಾಸ್ತರೇ, ಕೊಂದವರ ಮನೆ ಅಂತ ಗೊತ್ತಿದ್ದು ಆ ತಂದೆ ಅಲ್ಲಿ ಉಣ್ಣಲಿಲ್ಲ. ಗೊತ್ತಿದ್ದದ್ದು ಬಡಿಸಿದವರಿಗೆ. ಗಂಟಲಲ್ಲಿ ಅನ್ನ ಇಳಿಯಿತಾ ಎಂದು ಕೇಳುವುದಾದರೆ ನಾಸೆರ್ ಅವರನ್ನೂ ಕೇಳಬೇಕು. ಸುಮ್ನೆ ಇದ್ದುಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅತಿಥಿ ಖುಷಿಯಿಂದ ವಿಮಾನ ಹತ್ತುತ್ತಿದ್ದರು. ಆದರೂ ಹೇಳಿದರು. ಆಮೇಲೆ ಇಬ್ಬರೂ ಫೋಟೋ ತೆಗೆಸಿಕೊಂಡರು. ಅದನ್ನು ದಿಲ್ಲಿಗೆ ಕಳಿಸುವಾಗ, ನಮ್ಮ ದಾಳಿಗೆ ಅರುಣ್ ಬಂಡೆಯಂತೆ ಅಡ್ಡ ನಿಂತಿದ್ದ ಎಂಬರ್ಥದಲ್ಲಿ ನಾಸೆರ್ ಬರೆದುಕೊಟ್ಟರು.

ತಂದೆ ಎದ್ದು ಹೋಗಲಿಲ್ಲ ಯಾಕೆ? ನನ್ನ ಊಹೆ ಇದು, ಒಪ್ಪದಿದ್ದರೆ ಮತ್ತೆ ಬರೆಯಿರಿ. ಕ್ಷಮೆ ಎನ್ನುವಷ್ಟು ದೊಡ್ಡ ಮಾತು ಇಲ್ಲಿ ಬೇಡ. ಅವರು ಜೀವಮಾನ ಸೈನ್ಯದಲ್ಲಿ ಕಳೆದವರು. ಅಂದು ಅರುಣ್ ಹೊಡೆದ ಟ್ಯಾಂಕುಗಳ ಒಳಗೂ ಯಾರದೋ ಮಕ್ಕಳಿದ್ದರು ಅನ್ನುವುದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾಸೆರ್ ಮೇಲೆ ಸಿಟ್ಟಾಗಬೇಕೆಂದರೆ ತನ್ನ ಮಗನ ಕೆಲಸದ ಮೇಲೂ ಸಿಟ್ಟಾಗಬೇಕಿತ್ತು. ಅದೇ ಯುದ್ಧಭೂಮಿಯಲ್ಲಿ ಸತ್ತ ಪಾಕಿಸ್ತಾನದ ಲೆಫ್ಟಿನೆಂಟ್ ಕರ್ನಲ್ ಅಕ್ರಂ ರಾಜಾ ಅವರ ಧೈರ್ಯವನ್ನು ಹೊಗಳಿ ಬರೆದುಕೊಟ್ಟವರು ನಮ್ಮ ಕಡೆಯ ಕಮಾಂಡರ್ ವಿ.ಪಿ. ಏರಿ. ಅಕ್ರಂ ರಾಜಾಗೆ ಅವರ ದೇಶ ದೊಡ್ಡ ಪದಕ ಕೊಟ್ಟಿತು. ಗುಂಡು ಹಾರಿಸಿದವರಲ್ಲಿ ಇರುವ ಈ ಮರ್ಯಾದೆ, ಟಿವಿ ಮುಂದೆ ಕೂತು ಯುದ್ಧ ಮಾಡುವ ನಮಗೆ ಬರುವುದು ಕಷ್ಟ.

ಹಾಗಂತ ನಿಮಗೆ ಅರಗದಿದ್ದದ್ದು ತಪ್ಪು ಅಂತ ನಾನು ಹೇಳುವುದಿಲ್ಲ. 1971ರ ಅದೇ ಡಿಸೆಂಬರ್ 9ರಂದು ನಮ್ಮ ನೌಕಾಪಡೆಯ ಖುಕ್ರಿ ಹಡಗು ಮುಳುಗಿ 18 ಅಧಿಕಾರಿಗಳು, 176 ನಾವಿಕರು ಹೋದರು. ಕಡಲಿಗೆ ಹೋದವರು ಬಾರದ ಮನೆಯ ಸಂಕಟ ನಮ್ಮ ಕರಾವಳಿಗೆ ಬೇರೆಯವರು ಹೇಳಬೇಕಾಗಿಲ್ಲ. ಮಗನನ್ನು ಕಳೆದುಕೊಂಡ ಎಲ್ಲರೂ ಖೇತ್ರಪಾಲರ ಹಾಗೆ ಇರಬೇಕು ಅಂತ ಬಯಸುವುದೇ ಅನ್ಯಾಯ. ಕೊನೆಯವರೆಗೂ ಸಿಟ್ಟು ಬಿಡದ ತಾಯಿಯೂ ಅಷ್ಟೇ ಸರಿ.

ಕೊನೆಗೊಂದು ಕೇಳಿಕೆ. ನಿಮ್ಮ ಕೇರಿಯಲ್ಲೇ ಸೈನಿಕ ಮಗನ ಫೋಟೋಕ್ಕೆ ದಿನಾ ಹೂ ಇಡುವ ಮನೆಯೊಂದಿದೆ ಎಂದು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಅವರು ಮನಸ್ಸು ಮಾಡಿದರೆ ಮಾತ್ರ, ಅವರ ಬಾಯಿಂದಲೇ ಕೇಳಿ ಎರಡು ಪುಟ ಬರೆದುಕೊಡಿ. ಪದಕದ ವಿವರ ಕಡಿಮೆ ಇರಲಿ, ಹುಡುಗ ಮನೆಯಲ್ಲಿ ಹೇಗಿದ್ದ ಅನ್ನುವುದು ಜಾಸ್ತಿ ಬರಲಿ. ಫೋಟೋ ಬೇಕಾದರೆ ಮೊಬೈಲಿನಲ್ಲಿ ತೆಗೆದು ಕಳಿಸಿ, ಗೋಡೆಯಿಂದ ಇಳಿಸುವುದು ಬೇಡ.

ಸಂಪಾದಕ