ಪ್ರತಿಕ್ರಿಯೆ: ಬಾವಿ ನೀರಿನ ಟ್ಯಾಂಕ್‌ಗೆ ಹವಳದ ಚೂರು ಹಾಕಬಹುದಾ?

ಬದಿಯಡ್ಕದ ಬಾವಿ ನೀರು, ಪಿಎಚ್ 6.2, 60 ಲೀಟರ್ ಮೀನಿನ ಟ್ಯಾಂಕ್, ಮೊಲಿ ಮೀನುಗಳು ಮಂಕಾಗಿವೆ, ಪಿಎಚ್ ಏರಿಸಲು ತಳಕ್ಕೆಲ್ಲ ಹವಳದ ಚೂರು ಹರಡಲಾ ಅಂತ ಕೇಳಿದ್ದೀರಿ. ಹರಡಬೇಡಿ. ಒಂದು ಹಿಡಿ ಚೂರನ್ನು ಬಲೆಚೀಲಕ್ಕೆ ತುಂಬಿ ಫಿಲ್ಟರ್ ಒಳಗಿಡಿ. ಜಾಸ್ತಿ ಆಯ್ತು ಅನಿಸಿದರೆ ತೆಗೆಯುವುದು ಸುಲಭ, ಅಲ್ವಾ?

ನಮ್ಮ ಮುರಕಲ್ಲಿನ ನೆಲದ ನೀರು ಬಹಳ ಮೆದು. ಅದರಲ್ಲಿ ಕಾರ್ಬೊನೇಟ್ ಕಡಿಮೆ, ಹಾಗಾಗಿ ಪಿಎಚ್ ಸುಲಭವಾಗಿ ಕುಸಿಯುತ್ತದೆ. ಹವಳದ ಚೂರು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ನೀರಿನಲ್ಲಿ ಬೇಗ ಕರಗುತ್ತದೆ, ಪಿಎಚ್ 7 ದಾಟಿದ ಮೇಲೆ ಕರಗುವುದು ತುಂಬಾ ನಿಧಾನ. ಮೊಲಿ, ಗಪ್ಪಿಗಳಿಗೆ ಇದು ಒಳ್ಳೆಯದೇ. ನಿಯಾನ್ ಟೆಟ್ರಾ ಇದ್ದರೆ ಮಾತ್ರ ಬೇಡ.

ಇನ್ನೊಂದು ಮುಖ್ಯ ವಿಷಯ. ಬಾವಿಯಿಂದ ಆಗಷ್ಟೇ ಸೇದಿದ ನೀರನ್ನು ಅಳೆಯಬೇಡಿ. ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದರಿಂದ ಪಿಎಚ್ ಕಡಿಮೆ ತೋರಿಸುತ್ತದೆ. ಬಕೆಟ್‌ನಲ್ಲಿ 24 ಗಂಟೆ ಇಟ್ಟು ನೋಡಿ. ಪಿಎಚ್ ಜೊತೆ ಕೆಎಚ್ (ನೀರಿನ ಕಾರ್ಬೊನೇಟ್ ಗಡಸುತನ) ಕೂಡ ಅಳೆಯಿರಿ, ನನಗೆ ಅದೇ ಹೆಚ್ಚು ಮುಖ್ಯ. ಒಂದು ವಾರ ಕಾದು ಆಮೇಲೆ ಇನ್ನೊಂದು ಹಿಡಿ.

ಸಮುದ್ರದಿಂದ ಹವಳ ಮಾತ್ರ ತರಬೇಡಿ, ವನ್ಯಜೀವಿ ಕಾಯ್ದೆಯಡಿ ಅದಕ್ಕೆ ರಕ್ಷಣೆ ಇದೆ. ಅಡುಗೆಮನೆಯ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪನ್ನೇ ಚೆನ್ನಾಗಿ ಕುದಿಸಿ, ಒಣಗಿಸಿ, ಕುಟ್ಟಿ ಹಾಕಿ. ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ.