ಕಸಾರಾ ಲೋಕಲ್‌ನಲ್ಲಿ ಭಂಡಾರದರಾಕ್ಕೆ: ಎರಡು ರಾತ್ರಿಯ ಟೆಂಟ್ ವಾಸಕ್ಕೆ ಎಷ್ಟು ಸಾಮಾನು ಬೇಕು?

ಡಿಸೆಂಬರಿನಲ್ಲಿ ಗೆಳೆಯರೊಬ್ಬರ ಜೊತೆ ಮುಂಬೈಯಿಂದ ಕಸಾರಾಕ್ಕೆ ಹೋಗುವ ಲೋಕಲ್ ರೈಲು ಹಿಡಿದು, ಅಲ್ಲಿಂದ ಬಸ್ಸಿನಲ್ಲೋ ಜೀಪಿನಲ್ಲೋ ಮಹಾರಾಷ್ಟ್ರದ ಅಣೆಕಟ್ಟೆಯ ಊರಾದ ಭಂಡಾರದರಾ ಸೇರಿ ಎರಡು ರಾತ್ರಿ ಟೆಂಟಿನಲ್ಲಿ ಉಳಿಯಬೇಕೆಂದಿದ್ದೀರಿ. 65 ಲೀಟರಿನ ಚೀಲ ಈಗಾಗಲೇ ತುಂಬಿಹೋಗಿದೆ, ಯಾವುದನ್ನು ಬಿಡಲಿ ಎಂದು ಕೇಳಿದ್ದೀರಿ. ಮುಂಬೈ ಬಳಿಯ ಡೊಂಬಿವಲಿಯಲ್ಲಿ ವಾಸಿಸುವ ನಾನು ಇದೇ ದಾರಿಯಲ್ಲಿ ಹಲವು ಸಲ ಹೋಗಿಬಂದಿದ್ದೇನೆ. ಮೊದಲು ಆ ಚೀಲವನ್ನೇ ಮನೆಯಲ್ಲಿ ಬಿಡಿ. ಜಾಗವಿದ್ದಷ್ಟೂ ನಾವು ತುಂಬುತ್ತಲೇ ಹೋಗುತ್ತೇವೆ. ಎರಡು ರಾತ್ರಿಗೆ 40 ಲೀಟರ್ ಧಾರಾಳವಾಗಿ ಸಾಕು. ನೀರೂ ಸೇರಿ ತೂಕ 8 ಕಿಲೋ ಸುಮಾರಿಗೆ ನಿಲ್ಲಬೇಕು. ಚೀಲವನ್ನು ಎದೆಯ ಮೇಲೆ ಹಾಕಿಕೊಂಡು ಗರ್ದಿಯಲ್ಲಿ ನಿಲ್ಲಲು, ಯಾರ ನೆರವೂ ಇಲ್ಲದೆ ಎತ್ತಿ ಲೋಕಲ್‌ನ ಹಲಗೆಯ ಮೇಲಿಡಲು ಆಗುತ್ತದೆಯೇ ಎಂಬುದೇ ನಾನು ನಂಬುವ ಪರೀಕ್ಷೆ.

ಚೀಲದ ಹೊರಗೆ ಏನನ್ನೂ ಕಟ್ಟಬೇಡಿ. ಒಮ್ಮೆ ನಾನು ಮಲಗುವ ಫೋಮ್ ಚಾಪೆಯನ್ನು ಸುರುಳಿ ಸುತ್ತಿ ಚೀಲದ ಕೆಳಗೆ ಅಡ್ಡಲಾಗಿ ಕಟ್ಟಿದ್ದೆ. ಕಲ್ಯಾಣದಲ್ಲಿ ಗಾಡಿ ಹತ್ತುವಾಗ ನಾನು ಒಳಗೆ ನುಗ್ಗಿದರೂ ಅದರ ಒಂದು ತುದಿ ಬಾಗಿಲ ನಡುವಿನ ಕಂಬಕ್ಕೆ ಸಿಕ್ಕಿಕೊಂಡಿತು. ಹಿಂದಿನವರು ತಳ್ಳುತ್ತಿದ್ದರು, ಚೀಲ ನನ್ನನ್ನು ಹಿಂದಕ್ಕೆ ಎಳೆಯುತ್ತಿತ್ತು. ಒಬ್ಬ ಪುಣ್ಯಾತ್ಮರು ದಾರವನ್ನು ಬಿಚ್ಚದಿದ್ದರೆ ನಾನು ಹೊರಗೇ ಬೀಳುತ್ತಿದ್ದೆ. ಅಂದಿನಿಂದ ಚಾಪೆಯನ್ನು ಚೀಲದೊಳಗೇ ಗೋಡೆಯ ಹಾಗೆ ಸುತ್ತ ನಿಲ್ಲಿಸಿ, ಮಧ್ಯದ ಪೊಳ್ಳಿನಲ್ಲಿ ಉಳಿದದ್ದನ್ನು ತುಂಬುತ್ತೇನೆ.

ಬಿಡಬೇಕಾದ ಎರಡನೆಯದು ಒಲೆ. ಗ್ಯಾಸ್ ಡಬ್ಬಿ, ಸೀಮೆಎಣ್ಣೆ, ಸ್ಪಿರಿಟ್ ಇವನ್ನು ರೈಲಿನಲ್ಲಿ ಒಯ್ಯುವಂತಿಲ್ಲ. 1989ರ ರೈಲ್ವೆ ಕಾಯ್ದೆಯ 164ನೇ ಕಲಮಿನ ಪ್ರಕಾರ ಅದು 3 ವರ್ಷದವರೆಗೆ ಸೆರೆವಾಸಕ್ಕೆ ಗುರಿಯಾಗಬಹುದಾದ ಅಪರಾಧ. ಕಾಯ್ದೆ ಹಾಗಿರಲಿ, ಕಿಕ್ಕಿರಿದ ಬೋಗಿಯಲ್ಲಿ ನಮ್ಮ ಚಹಾದ ಆಸೆಗಾಗಿ ನೂರಾರು ಜನರ ಜೀವವನ್ನು ಪಣಕ್ಕಿಡುವುದು ಸರಿಯಲ್ಲ. ಒಲೆ ಬಿಟ್ಟರೆ ಪಾತ್ರೆ, ಅಕ್ಕಿ, ಎಣ್ಣೆ ಎಲ್ಲವೂ ತಾವಾಗಿಯೇ ಬಿಟ್ಟುಹೋಗುತ್ತವೆ. ರಾತ್ರಿಯ ಊಟಕ್ಕೆ ಅಣೆಕಟ್ಟೆಯ ಬಳಿಯ ಶೇಂಡಿ ಊರಿನಲ್ಲಿ ಮೊದಲೇ ಹೇಳಿಟ್ಟರೆ ಬಿಸಿ ಪಿಠಲ, ಭಾಕರಿ ಸಿಗುತ್ತದೆ. ನಮ್ಮ ಝುಣಕ ರೊಟ್ಟಿಯ ರುಚಿ ಬಲ್ಲವರಿಗೆ ಅದು ಪರಕೀಯವೆನಿಸದು. ಬೆಳಗಿನ ಹೊಟ್ಟೆಗೆ ತೆಳು ಅವಲಕ್ಕಿ, ಚಟ್ನಿಪುಡಿ, ಹುರಿದ ಶೇಂಗಾ, ಬೆಲ್ಲ ಒಯ್ಯಿರಿ. ಅವಲಕ್ಕಿಗೆ ತಣ್ಣೀರು ಚಿಮುಕಿಸಿ ಐದು ನಿಮಿಷ ಬಿಟ್ಟು ಚಟ್ನಿಪುಡಿ ಕಲಸಿದರೆ ಮುಗಿಯಿತು. ಇಬ್ಬರಿಗೆ ಅರ್ಧ ಕಿಲೋ ಸಾಕಾಗುತ್ತದೆ.

ಟೆಂಟು ಒಂದೇ ಸಾಕು. ಅದರ ಬಟ್ಟೆಯನ್ನು ಒಬ್ಬರು, ಕೋಲು ಮತ್ತು ಗೂಟಗಳನ್ನು ಇನ್ನೊಬ್ಬರು ಹಂಚಿಕೊಳ್ಳಿ. ಬಟ್ಟೆಬರೆಯಲ್ಲಿ ಜೀನ್ಸ್ ಮತ್ತು ದಪ್ಪ ಟರ್ಕಿ ಟವೆಲನ್ನು ಬಿಡಿ: ಎರಡೂ ಭಾರ, ಒದ್ದೆಯಾದರೆ ಬೇಗ ಒಣಗುವುದೂ ಇಲ್ಲ. ತೆಳು ಪಂಚೆಯೊಂದಿದ್ದರೆ ಮೈ ಒರೆಸಲು, ಹೊದೆಯಲು, ಬಟ್ಟೆ ಬದಲಿಸುವಾಗ ಮರೆ ಹಿಡಿಯಲು ಅದೇ ಆಗುತ್ತದೆ. ಬೂಟು ಕಾಲಲ್ಲೇ ಇರಲಿ. ಸ್ವೆಟರ್ ಮಾತ್ರ ಚೀಲದ ಮೇಲ್ಭಾಗದಲ್ಲಿರಲಿ. ಮನೆಯ ಕಂಬಳಿಗಿಂತ ಹಗುರವಾದ ಸ್ಲೀಪಿಂಗ್ ಬ್ಯಾಗನ್ನು ಮಾತ್ರ ಬಿಡಬೇಡಿ. ಮುಂಬೈಯ ಸೆಖೆಯಲ್ಲಿ ಕುಳಿತು ಅಲ್ಲಿನ ಡಿಸೆಂಬರ್ ರಾತ್ರಿಯ ಚಳಿಯನ್ನು ಅಂದಾಜು ಮಾಡುವುದು ಕಷ್ಟ. ರಾತ್ರಿ ಮಲಗಲೆಂದೇ ಒಂದು ಜೊತೆ ಒಣ ಬಟ್ಟೆ, ಕಾಲುಚೀಲ ಬೇರೆ ಇಡಿ. ತಲೆಗೆ ಕಟ್ಟುವ ಟಾರ್ಚು, ಪವರ್ ಬ್ಯಾಂಕು, ಔಷಧಿ ಇವೆಲ್ಲ ಒಂದು ಅಂಗೈಯಗಲದ ಪೊಟ್ಟಣದಲ್ಲಿ ಹಿಡಿಯುತ್ತವೆ.

ನೀರನ್ನು ಮುಂಬೈಯಿಂದಲೇ ಹೊರಬೇಡಿ. ದಾರಿಗೆ ಒಂದು ಲೀಟರ್ ಇಟ್ಟುಕೊಂಡು, ಉಳಿದ ಬಾಟಲಿಗಳನ್ನು ಖಾಲಿಯಾಗಿ ಒಯ್ದು ಊರಿನಲ್ಲಿ ತುಂಬಿಕೊಳ್ಳಿ.

ಹೊರಡುವ ದಿನ ಬೆಳಿಗ್ಗೆ ಅವಸರ ಮಾಡಬೇಡಿ. ಜಲಾಶಯದ ದಡದಲ್ಲಿ ಇಬ್ಬನಿ ಹೇರಳ. ಟೆಂಟಿನ ಹೊರಬಟ್ಟೆ ತೊಯ್ದಿರುತ್ತದೆ, ಹಾಗೆಯೇ ಮಡಚಿದರೆ ಹೋಗುವಾಗಿನ ತೂಕಕ್ಕಿಂತ ಮರಳುವಾಗಿನದೇ ಹೆಚ್ಚಾಗುತ್ತದೆ. ಅದನ್ನು ಕೊಡವಿ, ಬಿಸಿಲೇರುವವರೆಗೆ ಬಂಡೆಯ ಮೇಲೆ ಹರವಿ, ಆಮೇಲೆ ಬಸ್ಸಿನ ಕಡೆಗೆ ಹೊರಡಿ.